ಸಂಜೆ ಐದೂವರೆಯ ಹಸು

ಹಾವೇರಿ ಕಡೆಯವಳು ಎಂದರೆ ಸಾಕು, ಬೆಂಗಳೂರಿನವರು ನನಗೆ ಎರಡು ವಿದ್ಯೆ ಬರುತ್ತದೆ ಎಂದುಕೊಂಡುಬಿಡುತ್ತಾರೆ: ರೊಟ್ಟಿ ಬಡಿಯುವುದು, ಹಾಲು ಕರೆಯುವುದು. ಎರಡೂ ಬರುತ್ತಿರಲಿಲ್ಲ. ನಮ್ಮಪ್ಪ ಅಂಚೆ ಕಚೇರಿಯ ಗುಮಾಸ್ತ. ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಅವ್ವ ರೊಟ್ಟಿ ಬಡಿಯುವಾಗ ನಾನು ಪುಸ್ತಕ ಹಿಡಿದು ಕೂತಿರುತ್ತಿದ್ದೆ. ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಕುಡಿಯುವುದು. ಅದನ್ನು ಕಲಿತದ್ದು ಇಂದಿರಾನಗರದಲ್ಲಿ, ಆಫೀಸಿನವರ ಜೊತೆ, ಶುಕ್ರವಾರಗಳಂದು. ಆಮೇಲೆ ಗುರುವಾರವೂ ಸೇರಿತು, ಬುಧವಾರವೂ ಸೇರಿತು. ಕೊನೆಗೆ ಕಲ್ಯಾಣ ನಗರದ ಫ್ಲ್ಯಾಟಿನಲ್ಲಿ, ಒಬ್ಬಳೇ, ಅಕ್ಕಿ ಡಬ್ಬದ ಹಿಂದೆ ಬಾಟಲಿ ಇಟ್ಟುಕೊಂಡು, ವಾರದ ಏಳೂ ದಿನ.

ಬಿಟ್ಟದ್ದಕ್ಕೆ ಕಾರಣ ದೊಡ್ಡದೇನೂ ಅಲ್ಲ. ಒಂದು ಬೆಳಿಗ್ಗೆ ಅವ್ವ ಊರಿನಿಂದ ಬಸ್ಸಿಗೆ ಬಂದಳು. ಮೆಜೆಸ್ಟಿಕ್ಕಿಗೆ ಹೋಗಿ ಕರೆದುಕೊಂಡು ಬರುತ್ತೇನೆ ಎಂದಿದ್ದೆ. ಎಚ್ಚರವಾದಾಗ ಹನ್ನೊಂದು ಗಂಟೆ. ಫೋನಿನಲ್ಲಿ ಹದಿನಾರು ಕರೆ. ಐದು ತಾಸು ಅವಳು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಶೇಂಗಾ ಚಟ್ನಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಓಡಿ ಹೋದಾಗ ಬೈಯಲಿಲ್ಲ. ನನ್ನ ಹಣೆ ಮುಟ್ಟಿ ನೋಡಿ, "ಆರಾಮ ಇಲ್ಲೇನ ನಿನಗ?" ಎಂದಳು. ನನ್ನ ಬಾಯಿಂದ ಬರುತ್ತಿದ್ದ ವಾಸನೆ ಅವಳಿಗೆ ಏನೆಂದು ಗೊತ್ತೇ ಆಗಲಿಲ್ಲ. ಅದು ನನ್ನನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚುತ್ತಿರಲಿಲ್ಲ.

ಅವ್ವ ಊರಿಗೆ ಹೋದ ವಾರವೇ ಶಿವಾಜಿನಗರದಲ್ಲಿ ಕುಡಿತ ಬಿಟ್ಟವರು ಸೇರುವ ಒಂದು ಸಭೆಗೆ ಹೋದೆ. ಒಂದು ಹಳೆಯ ಶಾಲೆಯ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ತುಂಬ ಸಿಹಿಯಾದ ಟೀ. ಅಲ್ಲಿ ಹಲಸೂರಿನ ಒಬ್ಬ ನಿವೃತ್ತ ಟೀಚರ್ ಇದ್ದರು. ತಮಿಳರು. ಕುಡಿತ ಬಿಟ್ಟು ಇಪ್ಪತ್ತು ವರ್ಷ ಆಗಿತ್ತಂತೆ. ನನ್ನನ್ನು ಪಕ್ಕಕ್ಕೆ ಕರೆದು, "ಇಲ್ಲಿ ನೋಡುಮಾ, ಇಪ್ಪತ್ನಾಲ್ಕು ಗಂಟೆ ಬಗ್ಗೆ ತಲೆ ಕೆಡಿಸ್ಕೋಬೇಡ. ಸಂಜೆ ಐದರಿಂದ ಎಂಟು, ಅಷ್ಟೇ ನಿಂದು ಡೇಂಜರ್ ಟೈಮು. ಆವಾಗ ಕೈಗೆ ಏನಾದ್ರೂ ಕೆಲ್ಸ ಕೊಡು. ತಲೆಗೆ ಅಲ್ಲ, ಕೈಗೆ," ಎಂದರು.

ಕೈಗೆ ಏನು ಕೆಲಸ ಕೊಡುವುದು? ಹೆಣಿಗೆ ಹಾಕಿ ನೋಡಿದೆ. ಅದು ಸ್ವೆಟರಿನ ಬದಲು ಗೋಣಿಚೀಲ ಆಗುತ್ತಿತ್ತು. ಅಷ್ಟರಲ್ಲಿ ಫ್ಲ್ಯಾಟು ಬಿಟ್ಟು ಹೊರಮಾವಿಗೆ ಬಂದೆ. ಅಕ್ಕಿ ಡಬ್ಬ ಕಂಡರೇ ಕೈ ಅದರ ಹಿಂದಕ್ಕೆ ಹೋಗುತ್ತಿದ್ದುದರಿಂದ ಆ ಅಡುಗೆಮನೆಯಲ್ಲಿ ಇರಲಾಗಲಿಲ್ಲ. ಸೋಫಾ, ಟಿವಿ, ಗಾಜಿನ ಲೋಟಗಳು ಎಲ್ಲವನ್ನೂ ಕೊಟ್ಟುಬಿಟ್ಟೆ. ಒಂದು ಚಾಪೆ, ಎರಡು ಪಾತ್ರೆ, ಒಂದು ಸ್ಕೂಟರ್ ಜೊತೆ ಒಂದು ಹಳೆಯ ಮನೆಯ ಹಿಂಭಾಗದ ಕೋಣೆಗೆ ಬಂದು ಸೇರಿದೆ.

ಆ ಮನೆಯ ಓನರಮ್ಮ ಅದೇ ಊರಿನ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡ, ಅದರ ತುಂಬ ಮಕ್ಕಳು, ಸೊಸೆಯಂದಿರು, ಬಾಡಿಗೆಯವರು. ಆದರೆ ಕಟ್ಟಡದ ಹಿಂದಿನ ಒಂದು ಸೈಟನ್ನು ಮಾತ್ರ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಅಲ್ಲಿ ಶೀಟಿನ ಕೊಟ್ಟಿಗೆ, ಒಂದು ಹಸು, ಹಸುವಿಗೆ ಸೀಮೆಹುಲ್ಲು, ಮನೆಗೆ ದಂಟು, ಬದನೆ, ಮೂಲಂಗಿ. ಮಕ್ಕಳು ವಾಸನೆ ಎಂದು ಗೊಣಗಿದರೆ, "ಮೂಗು ಮುಚ್ಕೊಂಡು ಮೊಸರನ್ನ ತಿನ್ರೋ," ಎನ್ನುತ್ತಿದ್ದರು.

ನಾನು ಅಲ್ಲಿಗೆ ಹೋದ ಮೂರನೇ ತಿಂಗಳು ಓನರಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಅವತ್ತು ಸಂಜೆ ನಾನು ಚಪ್ಪಲಿ ಮೆಟ್ಟಿ ನಿಂತಿದ್ದೆ. ಸೋಪು ತರಲು ಮುಖ್ಯರಸ್ತೆಗೆ ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸೋಪಿನ ಅಂಗಡಿಯ ಪಕ್ಕದಲ್ಲೇ ವೈನ್ ಶಾಪು. ಆಗ ಬಾಗಿಲು ಬಡಿದ ಸದ್ದು. ಓನರಮ್ಮ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನಿಂತಿದ್ದರು.

"ಏನಮ್ಮ, ನಿಮ್ಮ ಕಡೆಯೋರಿಗೆ ಹಾಲು ಕರೆಯೋಕೆ ಬರುತ್ತಲ್ವಾ?"

"ಬರ್ತೈತ್ರಿ," ಎಂದುಬಿಟ್ಟೆ. ಕುಡಿಯುವವರಿಗೆ ಸುಳ್ಳು ನಾಲಿಗೆಯ ತುದಿಯಲ್ಲೇ ಇರುತ್ತದೆ. ಕುಡಿತ ಬಿಟ್ಟ ಕೂಡಲೇ ಅದು ಹೋಗುವುದಿಲ್ಲ.

ಸುಳ್ಳು ಒಂದು ನಿಮಿಷವೂ ಬಾಳಲಿಲ್ಲ. ನಾನು ಹಸುವಿನ ಎಡಗಡೆಗೆ ಹೋಗಿ ಕೂತು, ಬಲೂನಿಗೆ ಗಾಳಿ ಇದೆಯೋ ಇಲ್ಲವೋ ಎಂದು ನೋಡುವವಳ ಹಾಗೆ ಮೊಲೆ ಮುಟ್ಟಿದೆ. ಹಸು ತಿರುಗಿ ನೋಡಿತು. ಬಕೆಟ್ಟು ಒಂದು ಕಡೆ, ನಾನು ಒಂದು ಕಡೆ.

ಓನರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಬರಲ್ಲ ಅಂತ ಹೇಳೋದಕ್ಕೇನು ನಿಂಗೆ? ಇಲ್ಲಿ ಹಿಡಿ." ತಮ್ಮ ಎಡಗೈಯಲ್ಲಿ ನನ್ನ ಹೆಬ್ಬೆರಳು ಹಿಡಿದು, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ತೋರಿಸಿದರು. "ಎಳೀಬೇಡ, ಹಿಂಡು. ಮೇಲಿಂದ ಕೆಳಕ್ಕೆ ಒಂದೊಂದೇ ಬೆರಳು." ಒಂದು ಗಂಟೆ ಆಯಿತು. ಮೊದಲ ಸಲ ಹಾಲು ಚೊರ್ ಎಂದು ಬಕೆಟ್ಟಿಗೆ ಬಿದ್ದಾಗ ನಾನು ಕೂಗಿದ ಕೂಗಿಗೆ ಮೇಲಿನ ಮಹಡಿಯ ಸೊಸೆ ಬಾಲ್ಕನಿಗೆ ಓಡಿಬಂದಳು. ಮುಗಿಸಿ ಎದ್ದಾಗ ಕತ್ತಲಾಗಿತ್ತು. ಸೋಪು ಮರೆತೇ ಹೋಗಿತ್ತು.

ಮಾರನೇ ದಿನದಿಂದ ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಹಸು ನನ್ನದು. ಆಫೀಸಿನಲ್ಲಿ ಕೇಳಿ ಬೆಳಗಿನ ಪಾಳಿ ಹಾಕಿಸಿಕೊಂಡೆ. ಸಂಜೆ ನಾಲ್ಕಕ್ಕೆ ಎದ್ದರೆ, "ಎಲ್ಲಿಗ್ ಗುರು, ಇಷ್ಟ್ ಬೇಗ?" ಎಂದು ಕೇಳುತ್ತಿದ್ದರು. "ಹಸು ಕರೀಬೇಕು" ಎಂದರೆ ಮೊದಮೊದಲು ಯಾರೂ ನಂಬಲಿಲ್ಲ. ಪಾರ್ಟಿಗೆ ಬರದಿರಲು ಜನ ತಲೆನೋವು ಹೇಳುತ್ತಾರೆ, ಅತ್ತೆ ಬಂದಿದ್ದಾರೆ ಎನ್ನುತ್ತಾರೆ. ಹಸುವನ್ನು ನೆಪ ಮಾಡಿದವರು ಆ ಕಟ್ಟಡದಲ್ಲಿ ನಾನೊಬ್ಬಳೇ. ಒಂದು ದಿನ ಫೋಟೊ ತೋರಿಸಿದೆ. ಆಮೇಲೆ ಅವರೇ, "ಏಯ್, ನಾಲ್ಕಾಯ್ತು, ನಿನ್ ಹಸು ಕಾಯ್ತಿರುತ್ತೆ," ಎಂದು ಎಬ್ಬಿಸಿ ಕಳಿಸತೊಡಗಿದರು.

ಹಸು ನಿಜವಾಗಿಯೂ ಕಾಯುತ್ತಿತ್ತು. ಹತ್ತು ನಿಮಿಷ ತಡವಾದರೆ ಬೀದಿಗೆ ಕೇಳುವಂತೆ ಅಂಬಾ ಎನ್ನುತ್ತಿತ್ತು. ಸ್ಕೂಟರ್ ನಿಲ್ಲಿಸಿ, ಕೈಕಾಲು ತೊಳೆದು, ಬೂಸಾ ಕಲಸಿ, ಕೆಚ್ಚಲು ತೊಳೆದು, ಹಾಲು ಕರೆದು, ಮನೆಮನೆಗೆ ಅಳೆದು ಹಾಕಿ, ಸಗಣಿ ಬಾಚುವಷ್ಟರಲ್ಲಿ ಎಂಟು ಗಂಟೆ. ಹಸಿವೆಂದರೆ ಹಸಿವು. ಮುದ್ದೆ, ಸೊಪ್ಪಿನ ಸಾರು ಉಂಡು ಒಂಬತ್ತಕ್ಕೆ ಮಲಗಿದರೆ ಬೆಳಿಗ್ಗೆ ಹಸುವೇ ಎಬ್ಬಿಸಬೇಕು. ಓನರಮ್ಮನ ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆಳಗಿನದು ಅವರು ವಾಪಸು ತೆಗೆದುಕೊಂಡರು. ಸಂಜೆಯದು ನನಗೇ ಇರಲಿ ಎಂದೆ. ಯಾಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೀಗೆ ಕುಡಿತ ಬಿಟ್ಟು ಒಂದು ವರ್ಷ ತುಂಬಲು ಹದಿನೆಂಟು ದಿನ ಉಳಿದಿತ್ತು. ಒಂದು ಬೆಳಿಗ್ಗೆ ಓನರಮ್ಮ, "ಇನ್ಮೇಲೆ ಹಾಲು ಬತ್ತಿಸ್ಬೇಕು ಕಣಮ್ಮ. ಹಸೂಗೆ ಏಳು ತಿಂಗಳು ತುಂಬಿದೆ. ಇನ್ನೂ ಕರೀತಾ ಇದ್ರೆ ಹೊಟ್ಟೇಲಿರೋ ಕರು ಬಡಕಲಾಗುತ್ತೆ," ಎಂದರು. ದಿನಕ್ಕೊಮ್ಮೆ ಆಯಿತು, ದಿನ ಬಿಟ್ಟು ದಿನ ಆಯಿತು, ಆಮೇಲೆ ನಿಂತೇಹೋಯಿತು. ಇನ್ನು ಎರಡು ತಿಂಗಳು ಹಾಲಿಲ್ಲ. ಹಸು ಸುಮ್ಮನೆ ಮೆಲುಕು ಹಾಕುತ್ತ ಮಲಗಿರುತ್ತಿತ್ತು. ಅದಕ್ಕೆ ನಾನು ಬೇಕಾಗಿರಲಿಲ್ಲ.

ಮೊದಲ ಸಂಜೆ ಹೇಗೋ ಕಳೆಯಿತು. ಎರಡನೆಯದು ಕಳೆಯಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮೂರನೇ ಸಂಜೆ ಐದೂವರೆಗೆ ಮುಖ್ಯರಸ್ತೆಗೆ ಹೋದೆ. ಈ ಸಲ ಸೋಪಿನ ನೆಪವನ್ನೂ ಹೇಳಿಕೊಳ್ಳಲಿಲ್ಲ. ಒಂದು ಕ್ವಾರ್ಟರ್ ರಮ್ ಕೊಂಡು ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಂದೆ.

ಗೇಟು ತೆರೆದರೆ ಓನರಮ್ಮ ಮಡಿಯಲ್ಲಿ ದಂಟಿನ ಸೊಪ್ಪು ಕೀಳುತ್ತಿದ್ದರು. "ಬಂದ್ಯಾ? ಚೀಲ ಇದ್ಯಾ? ಕೊಡಿಲ್ಲಿ," ಎಂದು ನನ್ನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಸೊಪ್ಪು ತುರುಕಲು ಹೋದರು. ಬಾಟಲಿ ಕೈಗೆ ಸಿಕ್ಕಿತು. ಹೊರಗೆ ತೆಗೆದು ತಿರುಗಿಸಿ ನೋಡಿದರು.

"ಇದ್ಯಾರಿಗಮ್ಮ?"

ಇಷ್ಟು ದಿನ ನಾಲಿಗೆಯ ತುದಿಯಲ್ಲೇ ಇದ್ದ ಸುಳ್ಳು ಅವತ್ತು ಬರಲಿಲ್ಲ. "ನನಗೇ," ಎಂದೆ.

ಅಲ್ಲೇ ಬದುವಿನ ಮೇಲೆ ಕೂತು ಎಲ್ಲ ಹೇಳಿದೆ. ಓನರಮ್ಮನಿಗೆ ದಿಗಿಲಾಯಿತು. ಗಂಡಸರು ಕುಡಿಯುವುದನ್ನು ಅವರು ಬೇಕಾದಷ್ಟು ನೋಡಿದ್ದರು. ಆಫೀಸಿಗೆ ಹೋಗುವ, ತಮ್ಮ ಹಸು ಕರೆಯುವ ಹೆಣ್ಣುಮಗಳೂ ಕುಡಿಯುತ್ತಿದ್ದಳು ಎಂದರೆ ಅವರ ತಲೆಗೆ ಹೋಗಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ಕೇಳಿದರು, "ಒಂದು ವರ್ಷ ಬಿಟ್ಟಿದ್ದೋಳು ಇವತ್ತ್ಯಾಕೆ ತಂದೆ?"

"ಹಸು ಬತ್ತಿತಲ್ಲಮ್ಮ."

ಅವರು ಬಾಟಲಿಯ ಮುಚ್ಚಳ ತಿರುಚಿ ಮೂಸಿದರು. "ಥೂ! ಟಿಂಚರ್ ಇದ್ದಂಗಿದೆ. ಇದಕ್ಕಾ ಇಷ್ಟೆಲ್ಲ?"

ನಗು ಬಂತು, ಅದರ ಹಿಂದೆಯೇ ಅಳು ಬಂತು. ಬಾಟಲಿ ಇಸಿದುಕೊಂಡು ಗೊಬ್ಬರದ ಗುಂಡಿಯ ಕಡೆ ಹೊರಟೆ. "ಅಲ್ಲಿ ಬೇಡ, ಎರೆಹುಳ ಸತ್ತೋಗ್ತವೆ! ಬಚ್ಚಲಿಗೆ ಸುರಿ," ಎಂದು ಕೂಗಿದರು. ಬಚ್ಚಲಿಗೆ ಸುರಿದೆ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡರೆ ತಪ್ಪು. ಮಾರನೇ ಬೆಳಿಗ್ಗೆ ಓನರಮ್ಮ ಎಂದಿನಂತೆ ಕಾಫಿಗೆ ಕರೆಯಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಎದುರಿಗೆ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದರು. ನಾನು ರಾಮಮೂರ್ತಿ ನಗರದಲ್ಲಿ ಬೇರೆ ಕೋಣೆ ಹುಡುಕತೊಡಗಿದೆ. ಎರಡು ಸಂಜೆಯೂ ಟೀಚರ್‌ಗೆ ಫೋನ್ ಮಾಡಿ ಎಂಟು ಗಂಟೆಯವರೆಗೆ ಮಾತಾಡಿಸಿದೆ. ಪಾಪ, ಅವರು ತಮ್ಮ ಶಾಲೆಯ ಕತೆಗಳನ್ನೆಲ್ಲ ಹೇಳಿ ಮುಗಿಸಿದರು.

ಮೂರನೇ ಸಂಜೆ ಬಾಗಿಲು ಬಡಿದ ಸದ್ದಾಯಿತು.

"ಎರಡು ದಿನ ಯೋಚ್ನೆ ಮಾಡ್ದೆ ಕಣಮ್ಮ, ಮಕ್ಕಳಿಗೆ ಹೇಳೋದಾ ಬೇಡ್ವಾ ಅಂತ. ಹೇಳಲ್ಲ. ಈ ವಿಷ್ಯ ನಿಂದು, ನಂದಲ್ಲ," ಎಂದು ಓನರಮ್ಮ ಒಂದು ಗುದ್ದಲಿ ಮುಂದೆ ಹಿಡಿದರು. "ಬಾ, ಗೊಬ್ಬರ ತೆಗೀಬೇಕು. ಹಸು ಬತ್ತಿದ್ರೆ ಏನಂತೆ, ಗುಂಡಿ ಬತ್ತಲ್ಲ."

ಎರಡು ತಿಂಗಳು ಪ್ರತಿ ಸಂಜೆ ಗೊಬ್ಬರ ತೋಡಿದೆ, ಮಡಿ ಮಾಡಿದೆ, ಮೂಲಂಗಿ ಬಿತ್ತಿದೆ, ಬದನೆ ಸಸಿ ನೆಟ್ಟೆ. ಓನರಮ್ಮ ಜೊತೆಗೆ ಕೂತು ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಕುಡಿದರೆ ನಿದ್ದೆ ಬರುತ್ತದೆಯೇ? ಒಂದೇ ಲೋಟಕ್ಕೆ ನಿಲ್ಲಿಸಲು ಯಾಕೆ ಆಗುವುದಿಲ್ಲ? ನಾಚಿಕೆ ಆಗುತ್ತಿರಲಿಲ್ಲವೇ? ಎಲ್ಲಕ್ಕೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಹಾಗೆ ಹೇಳಿ ಅಭ್ಯಾಸವಾದದ್ದು ಆ ಮಡಿಗಳ ನಡುವೆಯೇ.

ಒಂದು ಭಾನುವಾರ ಬೆಳಿಗ್ಗೆ ಹಸು ಕರು ಹಾಕಿತು. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಮಚ್ಚೆ. ಕರು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದ ಹಾಲಿನಲ್ಲಿ ಓನರಮ್ಮ ಏಲಕ್ಕಿ, ಬೆಲ್ಲ ಹಾಕಿ ಗಿಣ್ಣು ಮಾಡಿದರು. ಒಂದು ದೊಡ್ಡ ಡಬ್ಬಿ ತುಂಬಿಕೊಂಡು ಶಿವಾಜಿನಗರದ ಸಭೆಗೆ ಒಯ್ದೆ. "ಅಯ್ಯೋ, ಸೀಂಪಾಲ್!" ಎಂದು ಟೀಚರ್ ಗಿಣ್ಣಿನ ತಮಿಳು ಹೆಸರು ಕೂಗಿ ಚಿಕ್ಕ ಹುಡುಗಿಯಂತೆ ಕೈ ಚಾಚಿದರು. ಟೀ ಲೋಟಗಳಲ್ಲೇ ಎಲ್ಲರಿಗೂ ಹಂಚಿದೆ. ಸಭೆಯಲ್ಲಿ ನನ್ನ ಸರದಿ ಬಂದಾಗ ಹಸುವಿನ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ.

ಅವತ್ತೇ ಮೊದಲ ಸಲ ಬಂದಿದ್ದ ಒಬ್ಬರು ಆಟೋ ಚಾಲಕರು ಹಿಂದಿನ ಸಾಲಿನಿಂದ ಎದ್ದರು. ಐವತ್ತರ ಆಸುಪಾಸಿನವರು. ಬಹಳ ಚಿಂತೆಯಿಂದ ಕೇಳಿದರು, "ಹಸೂನೇ ಸಾಕ್ಬೇಕಾ ಮೇಡಂ? ನಮ್ದು ಸೆಕೆಂಡ್ ಫ್ಲೋರು."

ಇಡೀ ಕೋಣೆ ನಕ್ಕಿತು. ಅವರೂ ನಕ್ಕರು.

"ಬೇಡ ಸರ್. ಬಾಲ್ಕನಿ ಇದ್ಯಾ?"

"ಚಿಕ್ಕದಿದೆ. ಗ್ಯಾಸ್ ಸಿಲಿಂಡರ್ ಇಟ್ಟಿದೀವಿ."

"ಅದ್ರ ಪಕ್ಕ ಒಂದು ಟಬ್ ಇಡಿ. ಅಡುಗೆಮನೇಲಿರೋ ಮೆಂತ್ಯೆನೇ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು. ಸಂಜೆ ಆದ್ಮೇಲೆ ನೀರು ಹಾಕಿ. ಬೆಳಿಗ್ಗೆ ಬೇಡ, ಸಂಜೆನೇ."

ಮುಂದಿನ ಭಾನುವಾರ ಅವರು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ನನ್ನನ್ನು ಕಂಡ ಕೂಡಲೇ ಜೇಬಿನಿಂದ ಫೋನ್ ತೆಗೆದು ಫೋಟೊ ತೋರಿಸಿದರು. ಹಳೆಯ ನೀಲಿ ಟಬ್ಬಿನ ತುಂಬ ಕಪ್ಪು ಮಣ್ಣು, ಒಂದು ಮೂಲೆಯಲ್ಲಿ ಕಂಡೂ ಕಾಣದಂತೆ ಒಂದು ಹಿಡಿ ಹಸಿರು. "ನಮ್ ಹೆಂಡ್ತಿ ದಿನಾ ಬಂದು ನೋಡ್ತಾಳೆ ಮೇಡಂ," ಎಂದರು, "ಮೆಂತ್ಯ ನೋಡೋಕೆ ಬರ್ತಾಳೋ ನನ್ನ ನೋಡೋಕೆ ಬರ್ತಾಳೋ, ಗೊತ್ತಾಗ್ತಿಲ್ಲ."