ನಿಶಿಮುರಾ ಸಾನ್ ಒಪ್ಪಿಸಿದ ಬಂದೂಕು

ತಮ್ಮ ಬಗ್ಗೆ ಸರಿಯಾಗಿ ವಿಚಾರಿಸಲಿಲ್ಲವೆಂದು ಪೊಲೀಸರ ಮೇಲೆಯೇ ರೇಗುತ್ತಿದ್ದವರನ್ನು ನಾನು ಕಂಡದ್ದು ಒಬ್ಬರನ್ನೇ. ಕ್ಯೋಟೋದ ಉತ್ತರದ ಅಂಚಿನಲ್ಲಿ, ಬೆಟ್ಟದ ಬುಡದ ಬೀದಿಯಲ್ಲಿ, ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯ ನಿಶಿಮುರಾ ಸಾನ್ ('ಸಾನ್' ಅಂದರೆ ನಮ್ಮ 'ಅವರು' ಇದ್ದಂತೆ). ಎಪ್ಪತ್ತು ದಾಟಿದ ಹೆಂಗಸು, ಕುಳ್ಳಗೆ ಗಟ್ಟಿಮುಟ್ಟು, ಕಾಲಿಗೆ ಸದಾ ರಬ್ಬರ್ ಬೂಟು. ಗದ್ದೆಗೆ ನುಗ್ಗುವ ಕಾಡುಹಂದಿಗಳನ್ನು ಹೊಡೆಯಲು ಪರವಾನಗಿಯ ಬಂದೂಕು ಇಟ್ಟುಕೊಂಡಿದ್ದರು. ಅದರ ನವೀಕರಣ ಬಂದಾಗಲೆಲ್ಲ ಪೊಲೀಸರು ನೆರೆಹೊರೆಯವರನ್ನು ಕೇಳುತ್ತಿದ್ದರು: ಈಕೆ ಕುಡಿಯುತ್ತಾರಾ, ಜಗಳಗಂಟಿಯಾ, ತಲೆ ನೆಟ್ಟಗಿದೆಯಾ? ಒಮ್ಮೆ ಒಬ್ಬ ಪೊಲೀಸ್ ನೆರೆಯವರನ್ನು ಕೇಳದೆ ನಿಶಿಮುರಾ ಸಾನ್ ಅವರನ್ನಷ್ಟೇ ಮಾತಾಡಿಸಿ ಹೊರಟುಬಿಟ್ಟ. ಈಕೆ ಬೀದಿಯ ತಿರುವಿನತನಕ ಅಟ್ಟಿಸಿಕೊಂಡು ಹೋದರು. "ಪಕ್ಕದ ಮನೇಲಿ ಒಬ್ಬ ಇಂಡಿಯಾ ಹುಡುಗ ಇದ್ದಾನಲ್ಲ, ಅವನನ್ನ ಕೇಳಿದ್ಯಾ?" ಅವರ ಜಪಾನಿ ನನ್ನ ಕಿವಿಗೆ ಯಾವತ್ತೂ ಮೈಸೂರು ಕನ್ನಡವಾಗಿಯೇ ಇಳಿಯುತ್ತಿತ್ತು.

ನಾನೋ ಕಾನೂನಿನ ಪಿಎಚ್.ಡಿ. ವಿದ್ಯಾರ್ಥಿ. ಅಮೆರಿಕದಲ್ಲಿ ಬಂದೂಕು ಸಂವಿಧಾನದ ಹಕ್ಕು. ಅದನ್ನು ಕೊಳ್ಳುವವನ ಪೂರ್ವಾಪರ ವಿಚಾರಿಸುವುದನ್ನು ಮಾತು, ಮತ, ಮೆರವಣಿಗೆಗಳ ಮೇಲಿನ ಮಿತಿಗಳ ಜೊತೆ ಹೋಲಿಸುವುದೇ ನನ್ನ ವಿಷಯ. ಅವರ ಅಡುಗೆಮನೆಯಲ್ಲಿ ಟೀ ಕುಡಿಯುತ್ತಾ ವಾದಕ್ಕೆ ಇಳಿಯುತ್ತಿದ್ದೆ. "ಮೆರವಣಿಗೆಗೂ ಅನುಮತಿ ಬೇಕು, ಬಂದೂಕಿಗೂ ಬೇಕು. ಹಕ್ಕು ಅಂದ್ಮೇಲೆ ಎಲ್ಲಕ್ಕೂ ಒಂದೇ ಅಳತೆ ಅಲ್ವಾ?"

"ಅಯ್ಯೋ, ಅದೇನ್ ಓದ್ತೀಯೋ ನೀನು! ಮೆರವಣಿಗೆ ಹೋಗೋರನ್ನ ಯಾವ ರಸ್ತೆ, ಎಷ್ಟೊತ್ತು ಅಂತ ಕೇಳ್ತಾರೆ. ತಲೆ ಸರಿ ಇದ್ಯಾ ಅಂತ ಕೇಳ್ತಾರಾ? ನನ್ನನ್ನ ಕೇಳ್ಬೇಕು. ನನ್ನ ಗುರಿ ತಪ್ಪಿದ್ರೆ ಸಾಯೋನು ನೀನು."

ಕಳೆದ ವರ್ಷ ಅವರಿಗೆ ಮರೆವು ಶುರುವಾಯಿತು. ಒಲೆ ಉರಿಯುತ್ತಿರುವಾಗಲೇ ಗದ್ದೆಗೆ ಹೊರಟುಬಿಡುತ್ತಿದ್ದರು. ಒಂದು ಬೆಳಿಗ್ಗೆ ನನ್ನನ್ನೇ ನೀನು ಯಾರು ಎಂದರು. ಅಷ್ಟರಲ್ಲಿ ನವೀಕರಣವೂ ಬಂತು, ಪೊಲೀಸ್ ನನ್ನ ಬಾಗಿಲಿಗೆ ಬಂದು ನಿಂತ. ಆ ಬಂದೂಕು ಹೋದರೆ ಅವರ ಗದ್ದೆ ಹಂದಿಗಳ ಪಾಲು. ಚೆನ್ನಾಗಿದ್ದಾರೆ ಎಂದುಬಿಡಲೇ?

ಬೇಲಿಯಾಚೆಯಿಂದ ಅವರದೇ ದನಿ ಬಂತು. "ಒಲೆ ವಿಷಯ ಹೇಳೋ! ನೀನೂ ಸುಳ್ಳು ಹೇಳೋದಾದ್ರೆ ಅವರು ನಿನ್ನ ಕೇಳೋದ್ಯಾಕೆ?"

ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂದುಬಿಟ್ಟಿತು. ಆ ವಾರವೇ ಅವರು ಠಾಣೆಗೆ ಹೋಗಿ ಬಂದೂಕು ಒಪ್ಪಿಸಿ ಬಂದರು. ಹಂದಿಗಳು ಅರ್ಧ ಪೈರು ಮುಗಿಸಿದವು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಬೀದಿಯವರ ಸಭೆಯಲ್ಲಿ. ಮರುವಾರ ಮಗಳು ಬಂದು ಒಸಾಕಾಗೆ ಕರೆದುಕೊಂಡು ಹೋದಳು. ಹಂದಿಗಳನ್ನು ತಡೆಯಲು ಬೆಟ್ಟದ ಬುಡಕ್ಕೆ ನಗರಸಭೆ ಬೇಲಿ ಹಾಕಿಸಲೇಬೇಕು ಎಂದು ಕೇಳಲು ಆ ಸಭೆಯಲ್ಲಿ ಎದ್ದು ನಿಂತರು. ಎರಡು ಮಾತಾಡಿದರು, ತಡೆದರು. ಮುಂದಿನದು ನೆನಪಾಗಲಿಲ್ಲ.

ಸಭೆ ನಡೆಸುತ್ತಿದ್ದ ಹಿರಿಯರು ಮೆತ್ತಗೆ, "ಸುಮಿಮಾಸೆನ್, ಕ್ಷಮಿಸಿ ನಿಶಿಮುರಾ ಸಾನ್, ನೀವು ಕೂತ್ಕೊಳ್ಳಿ. ನಿಮ್ಮ ಪರವಾಗಿ ಬೇರೆ ಯಾರಾದ್ರೂ ಹೇಳ್ತಾರೆ" ಎಂದರು. ಪಕ್ಕದಲ್ಲಿದ್ದ ನಾನೂ ತೋಳು ಹಿಡಿದು ಕೂರಿಸಲು ಹೋದೆ. ನನ್ನ ಕೈ ಕೊಡವಿದರು.

"ತಲೆ ಸರಿಯಿಲ್ಲ ಅಂತ ಬಂದೂಕು ಕೊಟ್ಟೆ. ಅದು ಸರಿ. ಮಾತಾಡೋಕೂ ತಲೆ ಸರಿ ಇರ್ಬೇಕು ಅಂತ ಯಾರು ಹೇಳಿದ್ದು? ನೆನಪಾಗೋವರೆಗೂ ಕಾಯ್ರಿ."

ಅವರು ನಿಂತೇ ಇದ್ದರು. ನಾವು ಕಾದೆವು.