ಕಾಶೆವ್ವ ಲಾರಿಯ ಮುಖ ತಿರುಗಿಸಿದ್ದು

ನಮ್ಮ ಅತ್ತೆ ಕಾಶೆವ್ವ ಒಮ್ಮೆ ಇಲ್ಲ ಅಂದರೆ ಮುಗಿಯಿತು. ಆ ಇಲ್ಲವನ್ನು ಹೌದು ಮಾಡಿಸಲು ಹೋಗಿ ಸೋತವರಲ್ಲಿ ನಮ್ಮ ಮಾವ ರಾಜಪ್ಪನವರು ಮೊದಲಿಗರು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಆಮೇಲೆ ಆ ಪಾಳಿ ನನಗೆ ಬಂತು. ಸೊಸೆಯಾಗಿ ಬಂದ ಹೊಸದರಲ್ಲೇ ನಾನು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಅತ್ತಿ, ಈ ಗಾಡಿ ಸ್ವಲ್ಪ ಆಚಿ ನಿಂದ್ರಸಾಕ ಬರಂಗಿಲ್ಲೇನ್ರಿ? ಬಾಗಲಿಗೆ ಅಡ್ಡ ಆಗತೈತಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗಾಡಿ ನಿನಗಿಂತ ಮೊದಲ ಬಂದೈತಿ. ನೀ ಬಾಜೂ ಹಾದು ಬಾ," ಅಂದರು. ಅಂದಿನಿಂದ ನಾನು ಬಾಜೂ ಹಾದೇ ಬರುತ್ತಿದ್ದೇನೆ.

ಆ ಲಾರಿಯ ಕತೆ ಹೇಳದೆ ಅತ್ತೆಯ ಕತೆ ಹೇಳಲು ಆಗುವುದಿಲ್ಲ. ಘೋಡಗೇರಿಯಲ್ಲಿ ನಮ್ಮ ಮನೆ ಇರುವುದು ಇಳಿಜಾರಿನಲ್ಲಿ. ಮೇಲ್ಗಡೆ ಮಾವನ ಅಣ್ಣ ಬಸವಲಿಂಗನವರ ಮನೆ, ನಡುವೆ ನಮ್ಮದು, ಕೆಳಗೆ ಡಾಂಬರು ರಸ್ತೆ. ಪಾಲಾದಾಗ ಬಾವಿಯೂ ಬಾವಿಯ ಸುತ್ತಲಿನ ಹೊಲವೂ ಮೇಲಿನ ಮನೆಗೆ ಹೋದವು. ನಮ್ಮ ಮಾವ ಅಣ್ಣನ ಎದುರು ತುಟಿ ಬಿಚ್ಚಿದವರಲ್ಲ, ಕಲ್ಲು ಹೊಲ ಕೊಟ್ಟರೂ ತಲೆಯಾಡಿಸಿ ಬಂದರು. ಅತ್ತೆ ತಲೆಯಾಡಿಸಲಿಲ್ಲ. ತವರಿನಿಂದ ಬಂದ ಎಮ್ಮೆಗಳನ್ನು, ಕೈಯಲ್ಲಿದ್ದ ಬಂಗಾರದ ಪಾಟಲಿಗಳನ್ನು ಮಾರಿ ಹಳೆಯದೊಂದು ಆರು ಗಾಲಿಯ ಲಾರಿ ತಂದರು. ಊರವರ ಕಾಯಿಪಲ್ಲೆ, ಬೆಲ್ಲ, ಗೋವಿನಜೋಳ ಏನಿದ್ದರೂ ಗೋಕಾಕ ಮಾರ್ಕೆಟ್ಟಿಗೆ, ಮೂಡಲಗಿ ಸಂತೆಗೆ ಹೊತ್ತೊಯ್ಯುವ ಕೆಲಸ. ಲಾರಿ ಬಂದ ದಿನ ಬಸವಲಿಂಗನವರು ಕಟ್ಟೆಯ ಮೇಲೆ ಕೂತು, ನಾಲ್ಕು ಜನರಿಗೆ ಕೇಳುವಂತೆ, "ಹೆಂಗಸಿನ ಗಾಡಿ ಎಷ್ಟ ದಿನಾ ಓಡತೈತಿ ನೋಡೂಣು," ಅಂದರಂತೆ.

ಅತ್ತೆ ಅಂದೇ ಲಾರಿಯ ಮೂತಿಯನ್ನು ಇಳಿಜಾರಿನ ಮೇಲ್ಮುಖವಾಗಿ, ಸೀದಾ ಅವರ ಬಾಗಿಲಿಗೆ ಮಾಡಿ ನಿಲ್ಲಿಸಿದರು. "ದಿನಾ ಎದ್ದಕೂಡಲೇ ನೋಡ್ಲಿ," ಅಂದರು. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಡ್ರೈವರುಗಳು ಬದಲಾದರು, ಟಾಯರುಗಳು ಬದಲಾದವು, ನಮ್ಮ ಮನೆಗೆ ಹೆಂಚು ಹೋಗಿ ಸ್ಲ್ಯಾಬ್ ಬಂತು. ಲಾರಿ ಮಾತ್ರ ಎಲ್ಲಿಗೆ ಹೋಗಿ ಬಂದರೂ ಅದೇ ಜಾಗಕ್ಕೆ, ಅದೇ ದಿಕ್ಕಿಗೆ. ಈಗಿನ ಡ್ರೈವರ್ ಹನಮಂತ ಕೆಲಸಕ್ಕೆ ಸೇರಿದಾಗ ಅತ್ತೆ ಅವನಿಗೆ ಹೇಳಿದ ಮೊದಲ ಮಾತೂ ಇದೇ.

ಈ ಸಲ ಚಳಿ ಶುರುವಾದಾಗ ಲಾರಿ ಕಾಟ ಕೊಡತೊಡಗಿತು. ಮುಂಜಾನೆ ಸೆಲ್ಫ್ ಹೊಡೆದರೆ ಕೆಮ್ಮುತ್ತದೆ, ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಂಡರೆ ಅಂಗಳದ ತುಂಬ ಬೆಳ್ಳಗಿನ ಹೊಗೆ, ಕಣ್ಣು ಉರಿಯುವಂಥದ್ದು. ನಿಂತಲ್ಲೇ ಗಡಗಡ ನಡುಗುತ್ತದೆ, ಬಿಟ್ಟು ಬಿಟ್ಟು ಬಡಿದುಕೊಳ್ಳುತ್ತದೆ. ನಾನು ಒಣಹಾಕಿದ ಬಟ್ಟೆಗಳ ಪಾಡು ಕೇಳಬೇಡಿ. ನನ್ನ ಗಂಡ ಶ್ರೀಶೈಲ ಹುಕ್ಕೇರಿಯಿಂದ ಕಿಶೋರ ಎಂಬ ಮೆಕ್ಯಾನಿಕ್‌ನನ್ನು ಕರೆಸಿದ. ಆತ ಹೊಗೆ ನೋಡಿ, ಶಬ್ದ ಕೇಳಿ, ಎಂಜಿನ್ ಬಿಚ್ಚಬೇಕು, ಇಷ್ಟು ಹಳೆಯದನ್ನು ಬಿಚ್ಚುವುದಕ್ಕಿಂತ ಗುಜರಿಗೆ ಕೊಡುವುದೇ ವಾಸಿ ಅಂದ. ಶ್ರೀಶೈಲನಿಗೂ ಅದೇ ಬೇಕಿತ್ತು. ಒಂದು ಹೊಸ ಪಿಕಪ್‌ನ ಮೇಲೆ ಅವನ ಕಣ್ಣು ಬಿದ್ದು ಬಹಳ ದಿನವಾಗಿತ್ತು. ಗೋಕಾಕದ ಗುಜರಿಯವನಿಗೆ ಭಾನುವಾರ ಬರಲು ಹೇಳಿಯೇ ಬಿಟ್ಟ.

ಅತ್ತೆಗೆ ಗೊತ್ತಾದಾಗ ಮನೆಯಲ್ಲಿ ಆದ ಗದ್ದಲವನ್ನು ಪೂರ್ತಿ ಬರೆಯುವುದಿಲ್ಲ. ಅವರ ಒಂದು ಮಾತು ಮಾತ್ರ ನನ್ನ ಹೊಟ್ಟೆಯೊಳಗೆ ಕೂತಿತು. "ಈ ಗಾಡಿ ಇರೂತನಾ ಈ ಮನ್ಯಾಗ ನನ್ನ ಕೇಳತೀರಿ. ಅದು ಹೋದ ಮರುದಿನಾನ ನನ್ನ ಮೂಲ್ಯಾಗ ಕುಂದ್ರಸಿ ಚಾ ಕೊಡತೀರಿ. ನನಗ ಗೊತ್ತಿಲ್ಲೇನ?"

ಶ್ರೀಶೈಲ ಕೆಟ್ಟವನಲ್ಲ. ಆದರೆ ಆ ಮಾತಿಗೆ ಅವನು ಇಲ್ಲ ಎನ್ನಲಿಲ್ಲ, ನೆಲ ನೋಡಿದ. ಅವನು ಇಲ್ಲ ಎನ್ನಲಿಲ್ಲವಲ್ಲ ಎಂದು ನನಗೆ ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ಕೊನೆಗೆ ತಾಯಿ ಮಗ ಒಂದು ಮಾತಿಗೆ ಬಂದರು. ಭಾನುವಾರ ಮುಂಜಾನೆ ಕೀಲಿಯನ್ನು ಗುಜರಿಯವನ ಕೈಗೇ ಕೊಡುವುದು. ಬಾನೆಟ್ ಮುಟ್ಟದೆ, ಒಂದೇ ಸೆಲ್ಫಿಗೆ, ಹೊಗೆಯಿಲ್ಲದೆ ಚಾಲೂ ಆದರೆ ಲಾರಿ ಉಳಿಯುತ್ತದೆ. ಆಗದಿದ್ದರೆ ಅವನ ಜೊತೆ ಹೋಗುತ್ತದೆ.

ಮರುದಿನದಿಂದ ಅತ್ತೆ ಮುಂಜಾನೆ ಶಾಲು ಹೊದ್ದು, ಪ್ಲಾಸ್ಟಿಕ್ ಕುರ್ಚಿಯನ್ನು ಸೈಲೆನ್ಸರ್ ಹತ್ತಿರ ಹಾಕಿಕೊಂಡು ಕೂತರು. ಮೆಕ್ಯಾನಿಕ್ ಹೇಳಿದ್ದನ್ನು ನಂಬುವ ಜಾತಿಯಲ್ಲ ಅವರು.

"ಹೊಗಿ ನೀಲಿ ಐತೇನೋ ಹನಮಂತಾ?"

"ಇಲ್ರಿ ಅವ್ವಾರ, ಬೆಳ್ಳಗ ಐತಿ. ನೀಲಿ ಇದ್ರ ಆಯಿಲ್ ಸುಡಾಕತ್ತೈತಿ ಅಂತ ತಿಳೀಬೇಕು."

"ರೇಡಿಯೇಟರ್ ನೀರು?"

"ಹಾಕಿದಷ್ಟ ಐತ್ರಿ. ಕಡಿಮಿ ಆಗಿಲ್ಲ. ಅಂದ್ರ ಎಂಜಿನ್ ಒಳಗ ನೀರ ಹೋಗಿಲ್ರಿ."

ಅತ್ತೆ ಒಂದು ಹಳೆ ಟವೆಲ್ಲನ್ನು ಹೊಗೆಗೆ ಹಿಡಿದು ಮೂಸಿ ನೋಡಿದರು, ನನ್ನ ಮೂಗಿಗೂ ಹಿಡಿದರು. ಹಸಿ ಡೀಸೆಲ್ ವಾಸನೆ, ಬೇರೇನಿಲ್ಲ. "ಹಸಿ ಕಟಗಿ ಒಲಿಗೆ ಹಾಕಿದಂಗ ಆಗೈತಿ. ಡೀಸೆಲ್ ಹೋಗೂದ ಹೋಗತೈತಿ, ಸುಡಾಕ ಒಲ್ಲದು," ಅಂದರು. ಸ್ವಲ್ಪ ಹೊತ್ತು ಓಡಿದ ಮೇಲೆ ಹೊಗೆ ತಾನಾಗಿ ನಿಂತಿತು, ನಡುಕವೂ ಹೋಯಿತು. ಹಾಗಾದರೆ ಬಿಚ್ಚುವಂಥದ್ದು ಏನಾಗಿದೆ ಎಂದು ಅತ್ತೆಯ ಪ್ರಶ್ನೆ.

ಹನಮಂತ ಆಗ ಒಂದು ಮಾತು ಬಿಟ್ಟ. "ರಾತ್ರಿ ಮೂಡಲಗಿಯಾಗ ಉಳದಾಗ ಮುಂಜಾನಿ ಒಂದ ಸೆಲ್ಫಿಗೆ ಚಾಲೂ ಆಗತೈತ್ರಿ. ಕಣಗಲಾ ಊರಾಗ ಹೈವೇ ಬಾಜೂ ನಿಂದ್ರಸಿದಾಗೂ ಹಂಗ. ಹೊಗಿನೂ ಇರಂಗಿಲ್ಲ."

"ಅಂದ್ರ ನನ್ನ ಅಂಗಳದಾಗಷ್ಟ ಅದಕ್ಕ ಜಡ್ಡೇನ?" ಅತ್ತೆಯ ದನಿ ಏರಿತು. ಹನಮಂತ ಒಮ್ಮೆ ಮೇಲಿನ ಮನೆ ನೋಡಿದ, ಒಮ್ಮೆ ತನ್ನ ಚಪ್ಪಲಿ ನೋಡಿದ. "ಗೊತ್ತಿಲ್ರಿ," ಅಂದ.

ನನಗೆ ತಡೆಯಲಾಗಲಿಲ್ಲ. "ಹನಮಂತಣ್ಣಾ, ಗೊತ್ತಿದ್ದದ್ದ ಬಾಯಿ ಬಿಟ್ಟ ಹೇಳ. ಗಾಡಿ ಗುಜರಿಗೆ ಹೋದ ಮ್ಯಾಲ ಹೇಳಾಂವ ಅದಿ ಏನ?"

ಅವನು ಅತ್ತೆಯ ಕಡೆ ನೋಡದೆ, ನನಗೆ ಹೇಳಿದ. "ಗಾಡಿ ಮೂತಿ ಮ್ಯಾಲ ಐತ್ರಿ ಅಕ್ಕಾರ, ಡೀಸೆಲ್ ಟಾಕಿ ಕೆಳಗ ಐತಿ. ಈಗ ನಡುವ ಎಲ್ಲೋ ಸಣ್ಣಗ ಗಾಳಿ ಎಳಕೋತೈತಿ. ರಾತ್ರಿಯೆಲ್ಲಾ ಪೈಪಿನ್ಯಾಗಿನ ಡೀಸೆಲ್ ಹಿಂದಕ್ಕ ಇಳದ ಟಾಕಿಗೆ ಹೋಗತೈತಿ, ಆ ಜಾಗಾದಾಗ ಗಾಳಿ ತುಂಬತೈತಿ. ಮುಂಜಾನಿ ಗಾಳಿ, ಡೀಸೆಲ್ ಕೂಡೇ ಹೋದ್ರ ಎಂಜಿನ್ ಹೆಂಗ ಸುಡಬೇಕ್ರಿ? ಸಪಾಟ ಜಾಗಾದಾಗ ಹಂಗ ಆಗಂಗಿಲ್ಲ. ಮೂತಿ ಕೆಳಗ ಮಾಡಿ ನಿಂದ್ರಸಿದ್ರ..."

ಆ ದಿಕ್ಕು ಬದಲಿಸುವ ಮಾತನ್ನು ಅಲ್ಲಿಯವರೆಗೆ ಆ ಅಂಗಳದಲ್ಲಿ ಯಾರೂ ಆಡಿರಲಿಲ್ಲ.

ಅತ್ತೆ ಕುರ್ಚಿಯಿಂದ ಎದ್ದು ಒಳಗೆ ಹೋದರು. ಮಧ್ಯಾಹ್ನ ರೊಟ್ಟಿ ತಿನ್ನಲಿಲ್ಲ. ಸಂಜೆ ಹನಮಂತನಿಗೆ, "ಪೈಪ್ ಹೊಸಾದ ಹಾಕ, ವಾಷರ್ ಹಾಕ, ಏನರೆ ಮಾಡ. ಮೂತಿ ಮಾತ್ರ ಹಂಗ ಇರ್ಲಿ," ಅಂದರು. ಅವನು ಹಾಕಿದ. ಮರುದಿನ ಮುಂಜಾನೆ ಬಾನೆಟ್ ತೆಗೆದು, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ತೋರಿಸಿದ. ಡೀಸೆಲ್ ಬರಬೇಕಾದ ಜಾಗದಲ್ಲಿ ನೊರೆ ಬುಸಬುಸ ಅಂತ ಬಂತು, ಗಾಳಿ ಇನ್ನೂ ಸೇರುತ್ತಿತ್ತು. ಆ ಕೈಪಂಪಿನೊಳಗಿನ ವಾಲ್ವೇ ಹೋಗಿದೆ, ಬೆಳಗಾವಿಯಿಂದ ತರಿಸಬೇಕು, ಮುಂದಿನ ವಾರ ಸಿಗುತ್ತದೆ ಅಂದ. ಭಾನುವಾರ ಬರುವುದು ಅದಕ್ಕೂ ಮೊದಲು.

ಅತ್ತೆ ಅಂಗಳದಲ್ಲಿ ನಿಂತು ನೊರೆಯನ್ನೂ ಮೇಲಿನ ಬಾಗಿಲನ್ನೂ ನೋಡಿದರು. ಯಾವ ಹಟದಿಂದ ಲಾರಿಯನ್ನು ಹಾಗೆ ನಿಲ್ಲಿಸಿದ್ದರೋ ಅದೇ ಹಟ ಅದನ್ನು ಗುಜರಿಗೆ ತಳ್ಳುತ್ತಿತ್ತು. ಇದನ್ನು ಅವರಿಗೆ ಬಾಯಿಬಿಟ್ಟು ಹೇಳುವ ಎದೆ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಊಟ ಮಾಡುತ್ತ, "ತಿರಗಸ್ರಿ," ಅಂದರು.

ಶ್ರೀಶೈಲ ತಾಯಿಯ ಮಾನ ಕಾಯಲು ಹೋದ. "ಅವ್ವಾ, ಕತ್ತಲಾದ ಮ್ಯಾಲ ತಿರಗಸೂಣು. ಯಾರೂ ನೋಡಂಗಿಲ್ಲ."

"ಯಾಕ? ಕಳವು ಮಾಡಾಕತ್ತೇವೇನ? ನನ್ನ ಗಾಡಿ, ನನ್ನ ಅಂಗಳ. ಈಗ ತಿರಗಸ್ರಿ, ಊರ ನೋಡ್ಲಿ."

ಊರು ನೋಡಿತು. ಇಳಿಜಾರಿನಲ್ಲಿ ಹಿಂದೆ ಮುಂದೆ ಮಾಡಿ ಹನಮಂತ ಲಾರಿ ತಿರುಗಿಸುವಷ್ಟರಲ್ಲಿ ಗೋಡೆಗಳ ಮೇಲೆಲ್ಲ ತಲೆಗಳು ಎದ್ದಿದ್ದವು. ಅತ್ತೆ ನಡು ಅಂಗಳದಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, "ಬರ್ಲಿ, ಬರ್ಲಿ, ಇನ್ನ ಕಟ್ ಹೊಡಿ," ಎಂದು ಕೈ ತೋರಿಸುತ್ತಿದ್ದರು.

ಮೇಲಿನ ಕಟ್ಟೆಯಿಂದ ಬಸವಲಿಂಗನವರ ದನಿ ಬಂತು. ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ, ದನಿ ಮಾತ್ರ ಹಾಗೇ ಇದೆ. "ಏನ ಕಾಶೀ, ಕಡೀಕ ಗಾಡಿ ಬೆನ್ನ ತೋರಿಸಿ ಓಡಾಕತ್ತೈತೇನ?"

ನಾಲ್ಕಾರು ಜನ ನಕ್ಕರು. ಅತ್ತೆ ಭಾವನ ಜೊತೆ ನೇರ ಮಾತಾಡುವವರಲ್ಲ. ತಲೆಯ ಮೇಲೆ ಸೆರಗು ಎಳೆದು, ನನ್ನ ಬಾಯಿಂದಲೋ ಶ್ರೀಶೈಲನ ಬಾಯಿಂದಲೋ ಹೇಳಿಸುವುದು ಅವರ ಪದ್ಧತಿ. ಅಂದು ಸೆರಗು ಸೊಂಟದಲ್ಲೇ ಇತ್ತು.

"ಹೌದ್ರಿ ಭಾವಾರ, ತಿರಗಿಸೇನಿ. ಹೆಂಗಸಿನ ಗಾಡಿ ಎಷ್ಟ ದಿನಾ ಓಡತೈತಿ ಅಂತ ಕೇಳಿದ್ರಿ. ನಾಳೆ ಮುಂಜಾನಿ ಇಲ್ಲೇ ಕುಂತ ನೋಡ್ರಿ."

ಭಾನುವಾರ ಮಂಜು ಬಿದ್ದಿತ್ತು, ಚಳಿ ಕೊರೆಯುತ್ತಿತ್ತು. ಗುಜರಿಯವನು ಕೀಲಿ ತೆಗೆದುಕೊಂಡು ಹತ್ತಿದ. ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ಒಂದೇ ಸೆಲ್ಫ್. ಲಾರಿ ಹೊತ್ತಿಕೊಂಡಿತು. ಒಂದು ಎಳೆ ಹೊಗೆ ಬಂದು ಹೋಯಿತು, ಆಮೇಲೆ ಏನೂ ಇಲ್ಲ. ನಡುಕವೂ ಇಲ್ಲ. ಗುಜರಿಯವನು ಇಳಿದು, "ಇದನ್ನ್ಯಾಕ ಮಾರತೀರಿ?" ಎಂದು ಶ್ರೀಶೈಲನನ್ನೇ ಕೇಳಿದ. ಶ್ರೀಶೈಲ ತಲೆ ಕೆರೆದುಕೊಂಡು ನಕ್ಕುಬಿಟ್ಟ. ನಾನು ನಗಲಿಲ್ಲ, ಅಳು ಬಂತು.

ಮುಂದಿನ ವಾರ ಬೆಳಗಾವಿಯಿಂದ ವಾಲ್ವ್ ಬಂತು. ಹನಮಂತ ಅದನ್ನು ಹಾಕಿ, ಲಾರಿಯನ್ನು ಒಂದು ರಾತ್ರಿ ಮೊದಲಿನಂತೆ ಮೇಲ್ಮುಖ ನಿಲ್ಲಿಸಿ ಪರೀಕ್ಷೆ ಮಾಡಿದ. ಹೊಗೆ ಬರಲಿಲ್ಲ. ಗೆದ್ದವನ ಖುಷಿಯಲ್ಲಿ ಬಂದು ಹೇಳಿದ. "ಅವ್ವಾರ, ಇನ್ನ ಚಿಂತಿ ಇಲ್ಲ. ಹೆಂಗ ಬೇಕಾದ್ರೂ ನಿಂದ್ರಸಬಹುದ್ರಿ. ಹಂಗ ಇರ್ಲೇನ್ರಿ, ಅವರ ಬಾಗಲಿಗೆ?"

ಮೇಲಿನ ಕಟ್ಟೆಯಲ್ಲಿ ಬಸವಲಿಂಗನವರು ಕಿವಿ ನಿಗುರಿಸಿ ಕೂತಿದ್ದರು. ಅತ್ತೆ ಆ ಕಡೆ ನೋಡಲೇ ಇಲ್ಲ.

"ಬ್ಯಾಡ, ತಿರಗಸ. ಇಷ್ಟ ವರ್ಷ ಅವರ ಬಾಗಲಾ ನೋಡಿದ್ದ ಸಾಕು. ನನ್ನ ಗಾಡಿಗೆ ರಸ್ತಾ ಕಾಣ್ಲಿ."