ಮೀನಿಗೂ ಕಾಣದ ದಾರ

ನಮ್ಮವರಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂಬುದು ನನಗೆ ಖಾತ್ರಿಯಾದದ್ದು ಕಾಲುಚೀಲದಿಂದ. ಒಂದು ಭಾನುವಾರ ಸ್ಯಾನ್ ಡಿಯೆಗೊದ ಮಗಳ ಮನೆಯಿಂದ ಕರ್ನಿ ಮೆಸಾ ಬಡಾವಣೆಯ ಹೋಟೆಲಿಗೆ ದೋಸೆ ತಿನ್ನಲು ಹೊರಟಿದ್ದೆವು. ನಾನು ಬೇಕೆಂದೇ ಒಂದು ನೀಲಿ, ಒಂದು ಕಂದು ಕಾಲುಚೀಲವನ್ನು ಜೋಡಿ ಮಾಡಿ ಅವರ ಶೂ ಪಕ್ಕ ಇಟ್ಟೆ. ಬ್ಯಾಂಕಿನಲ್ಲಿದ್ದಾಗ ಇಸ್ತ್ರಿಯ ಗೆರೆ ಸ್ವಲ್ಪ ಓರೆಯಾದರೂ ಷರ್ಟನ್ನು ಹಿಂದಕ್ಕೆ ಕಳಿಸುತ್ತಿದ್ದ ಮನುಷ್ಯ ಅವರು. ಅವೆರಡನ್ನೂ ಹಾಕಿಕೊಂಡು, ಹೋಟೆಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು, ಚಟ್ನಿ ಇನ್ನೊಮ್ಮೆ ಹಾಕಿಸಿಕೊಂಡು ತಿಂದು ಬಂದರು. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಸಂಶಯ ಅದಕ್ಕೂ ಮೊದಲೇ ಇತ್ತು. ಸಂಜೆ ಕಾರಿನಲ್ಲಿ ಕುಳಿತರೆ, "ಇವರ ಲೈಟು ಎಂತ ಲೈಟು ಮಾರಾಯ್ತಿ, ಕಣ್ಣಿಗೇ ಬಂದು ಚುಚ್ತದೆ" ಎಂದು ಎದುರಿನ ಕಾರುಗಳನ್ನೆಲ್ಲ ಬೈಯುತ್ತಿದ್ದರು. ಫೋನಿನಲ್ಲಿ ಸುದ್ದಿ ಓದುವುದನ್ನು ಬಿಟ್ಟು ಕೇಳಲು ಶುರು ಮಾಡಿದ್ದರು. ಸೊರೆಂಟೊ ವ್ಯಾಲಿಯ ಔಷಧಿ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಮಗಳು "ಅಪ್ಪಾ, ಬರೀ ಚೆಕಪ್" ಎಂದು ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಾಗಲೆಲ್ಲ ಸರಿಯಾಗಿ ಅದೇ ದಿನ ಇವರಿಗೆ ಹೊಟ್ಟೆನೋವು ಬರುತ್ತಿತ್ತು.

ಆ ಹೊಟ್ಟೆನೋವಿನ ಕಾರಣ ನನಗೆ ಗೊತ್ತು. ಇವರ ಅಣ್ಣ ಊರಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ಆ ಕಣ್ಣಿಗೆ ಕೀವಾಗಿ, ಇದ್ದ ಮಬ್ಬು ದೃಷ್ಟಿಯೂ ಹೋಯಿತು. ಆಮೇಲೆ ಬದುಕಿದ್ದಷ್ಟು ಕಾಲವೂ ಅವರು ಎಲೆಯ ಬಲಗಡೆ ಬಡಿಸಿದ್ದನ್ನು ಹಾಗೇ ಬಿಟ್ಟು ಏಳುತ್ತಿದ್ದರು. ಪಕ್ಕದಲ್ಲಿ ಊಟಕ್ಕೆ ಕೂರುತ್ತಿದ್ದವರು ಇವರು. ಅಣ್ಣನ ಎಲೆಯ ಪಲ್ಯವನ್ನು ಎಡಗಡೆಗೆ ಸರಿಸುತ್ತಿದ್ದರು.

ಮಗಳಿಗೆ ಹೇಳಿಬಿಡಬಹುದಿತ್ತು. ಹೇಳಿದ್ದರೆ ಮರುದಿನವೇ ಕರೆದುಕೊಂಡು ಹೋಗಿ ಕೂರಿಸುತ್ತಿದ್ದಳು, ಇವರೂ ಹೋಗುತ್ತಿದ್ದರು. ಆದರೆ ಎಳೆದುಕೊಂಡು ಹೋದರೆ ಆ ಹೆದರಿಕೆ ಒಳಗೇ ಉಳಿಯುತ್ತದೆ. ಒಳಗೆ ಉಳಿದದ್ದು ಇವರಲ್ಲಿ ಏನಾಗುತ್ತದೆ ಎಂದು ಇಷ್ಟು ವರ್ಷ ಜೊತೆಗಿದ್ದ ನನಗೆ ಗೊತ್ತು. ಕಾಣುತ್ತಿಲ್ಲ ಎಂಬ ಮಾತು ಅವರ ಬಾಯಿಂದಲೇ ಬರಲಿ ಎಂದು ಕಾದೆ. ಕಾಯುತ್ತಾ ಕಾಲುಚೀಲ ಅದಲುಬದಲು ಮಾಡುತ್ತಾ ಇದ್ದೆ.

ಆ ಚಳಿಗಾಲದ ಹೊತ್ತಿಗೆ ಮನೆಯ ಕೊರೊನಾ ಮಾಸ್ಕುಗಳೆಲ್ಲ ಡ್ರಾಯರಿನ ತಳ ಸೇರಿದ್ದವು. ಉತ್ತರಕ್ಕೆ ಸಿಯೆರಾ ಬೆಟ್ಟದ ಮೇಲೆ ಕೆರೆಗಳು ಹೆಪ್ಪುಗಟ್ಟುತ್ತವೆ, ಐಸಿಗೆ ತೂತು ಕೊರೆದು ಗಾಳ ಹಾಕಬಹುದು ಎಂದು ಅಳಿಯನಿಗೆ ಆಫೀಸಿನಲ್ಲಿ ಯಾರೋ ಹೇಳಿದ್ದರು. ಅಳಿಯ ಬೆಂಗಳೂರಿನವನು, ಮೊಟ್ಟೆಯನ್ನೂ ಮುಟ್ಟದವನು. ಗಾಳ ಹಾಕುವುದು ಅವನಿಗೆ ಧ್ಯಾನ; ಸಿಕ್ಕಿದ ಮೀನಿಗೆ ಸಾರಿ ಹೇಳಿ ನೀರಿಗೆ ಬಿಡುತ್ತಾನೆ. ನಮ್ಮವರು ಕರಾವಳಿಯವರು. ನದಿ ಸಮುದ್ರಕ್ಕೆ ಸೇರುವಲ್ಲಿ ಬಂಡೆಯ ಮೇಲೆ ಕುಳಿತು ಗಾಳ ಹಾಕಿ ಬೆಳೆದವರು. ಐಸಿನ ಮೇಲೆ ಗಾಳ ಎಂದ ಕೂಡಲೇ ಅವರ ಹೊಟ್ಟೆನೋವೆಲ್ಲ ವಾಸಿಯಾಯಿತು.

ದಾರ ತರಲು ಅಳಿಯನ ಜೊತೆ ನಾವಿಬ್ಬರೂ ಹೋದೆವು. ಸ್ಯಾನ್ ಡಿಯೆಗೊದಲ್ಲಿ ಸಮುದ್ರದ ದೊಡ್ಡ ಮೀನು ಹಿಡಿಯುವವರಿಗೆ ಹಗ್ಗದಂಥ ದಾರ ಮಾರುವ ಅಂಗಡಿ ಅದು. ಐಸ್ ಎಂದಾಗ ಅಂಗಡಿಯಾತ ಮೊದಲು ನಮ್ಮ ಚಪ್ಪಲಿಯನ್ನು ನೋಡಿದ. ಆಮೇಲೆ ನಮ್ಮ ಮುಖ ನೋಡಿ ಪಾಪ ಅನಿಸಿತೋ ಏನೋ, ಎಲ್ಲ ಬಿಡಿಸಿ ಹೇಳಿದ. ಕೋಲಿಗೆ ಸುತ್ತಿರುವ ಉದ್ದದ ದಾರ ಬೇರೆ. ಅದರ ತುದಿಯಲ್ಲಿ ಕೊಕ್ಕೆಗೆ ಕಟ್ಟುವ ಒಂದೆರಡು ಮೊಳದ ದಾರ ಬೇರೆ. ಅದಕ್ಕೆ ಲೀಡರ್ ಎನ್ನುತ್ತಾರೆ. ಐಸಿನ ಕೆಳಗೆ ನೀರು ಗಾಜಿನ ಹಾಗೆ ತಿಳಿ. ಚಳಿಗೆ ಮೀನು ಓಡಿ ಬಂದು ಕಚ್ಚುವುದಿಲ್ಲ. ನಿಧಾನವಾಗಿ ಬಂದು, ಎದುರಿಗೆ ನಿಂತು, ಹೆಣ್ಣು ನೋಡಲು ಬಂದವರ ಹಾಗೆ ಮೇಲಿಂದ ಕೆಳಗೆ ನೋಡುತ್ತದೆ. (ಈ ಹೋಲಿಕೆ ನನ್ನದು, ಅಂಗಡಿಯಾತನದ್ದಲ್ಲ.) ಲೀಡರ್ ದಪ್ಪವಾದರೆ ಮೀನಿನ ಕಣ್ಣಿಗೆ ಬೀಳುತ್ತದೆ, ತೀರ ತೆಳುವಾದರೆ ಕಡಿದುಹೋಗುತ್ತದೆ. ಕೆಲವು ನೈಲಾನ್ ಚಳಿಗೆ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ನಿಲ್ಲುತ್ತವೆ.

ಇಷ್ಟು ಹೇಳಿ ಎರಡು ಉರುಳೆ ಮುಂದಿಟ್ಟ. ಒಂದು ತಿಳಿನೀಲಿ ಬಣ್ಣದ ನೈಲಾನ್. ಇನ್ನೊಂದು ಫ್ಲೋರೋಕಾರ್ಬನ್ ಅಂತೆ, ನೀರಿಗೆ ಬಿದ್ದರೆ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾಯವಾಗುವಂಥದ್ದು, ಕೂದಲಿನಷ್ಟು ಸಣ್ಣದು. ಅದರ ಪ್ಯಾಕೆಟ್ಟಿನ ಮೇಲೆ 'ಕಾಣುವುದಿಲ್ಲ' ಎಂದೇ ದೊಡ್ಡದಾಗಿ ಇಂಗ್ಲಿಷಿನಲ್ಲಿ ಬರೆದಿತ್ತು.

"ಮಾವ, ನೀಲಿದು ತಗೊಳ್ಳಿ," ಎಂದ ಅಳಿಯ. "ಅಲ್ಲಿ ಕೈ ಮರಗಟ್ಟೋಗಿರುತ್ತೆ. ಬಣ್ಣ ಇದ್ರೆ ಗಂಟು ಹಾಕೋಕೆ ಸುಲಭ."

ಇವರು ನೀಲಿಯದನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಇನ್ನೊಂದರ ತುದಿಯನ್ನು ತುಟಿಗೆ ಇಟ್ಟುಕೊಂಡು ಎಳೆದರು. ಅಂಗಡಿಯಾತ "ಸರ್, ಸರ್!" ಎಂದ.

"ಇದೇ ಬೇಕು," ಎಂದರು ಇವರು.

"ಅದು ಯಾರಿಗೂ ಕಾಣಲ್ಲ ಮಾವ."

"ಅದಕ್ಕೇ ಬೇಕು."

ಹಟ ಅಂದುಕೊಂಡೆ. ಕಾಣದ ಕಣ್ಣಿಗೆ ಕಾಣದ ದಾರ ಯಾಕೆ ಬೇಕಪ್ಪಾ ಎಂದು ನನಗೆ ಸಿಟ್ಟೇ ಬಂತು. ವಿಷಯ ತಿಳಿದದ್ದು ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ನಾರ್ತ್‌ರಿಜ್‌ನಲ್ಲಿ.

ಮೊಮ್ಮಗಳು ಅಲ್ಲಿ ಓದುತ್ತಿದ್ದಾಳೆ, ಗೆಳತಿಯರ ಜೊತೆ ಅಪಾರ್ಟ್‌ಮೆಂಟ್ ಹಂಚಿಕೊಂಡಿದ್ದಾಳೆ. ನನ್ನ ಫೋನಿಗೆ ಕನ್ನಡ ಹಾಕಿಕೊಟ್ಟು, ಒಂದೊಂದು ಅಕ್ಷರವನ್ನೂ ಲಿಂಬೆಹಣ್ಣಿನಷ್ಟು ದೊಡ್ಡದು ಮಾಡಿಕೊಟ್ಟವಳು ಅವಳೇ. ಮಗಳಿಗೆ ರಜೆ ಸಿಗದೆ ಸ್ಯಾನ್ ಡಿಯೆಗೊದಲ್ಲೇ ಉಳಿದಳು. ನಾವು ಮೂವರು ಹೋಗಿ, ಮೊಮ್ಮಗಳ ಅಪಾರ್ಟ್‌ಮೆಂಟಿನಲ್ಲಿ ಉಳಿದು, ಬೆಳಿಗ್ಗೆ ಅವಳನ್ನೂ ಹತ್ತಿಸಿಕೊಂಡು ಬೆಟ್ಟಕ್ಕೆ ಹೊರಡುವುದೆಂದು ಏರ್ಪಾಡು.

ಆ ಬೆಳಿಗ್ಗೆ ಉಪ್ಪಿಟ್ಟು ತಿಂದಾದ ಮೇಲೆ ಇವರು ಟೇಬಲ್ಲಿನ ಮೇಲೆ ಉರುಳೆ, ಕೊಕ್ಕೆ ಎಲ್ಲ ಹರಡಿದರು. "ಐಸಿನ ಮೇಲೆ ಕೂತು ಕಟ್ಲಿಕ್ಕೆ ಆಗುದಿಲ್ಲ. ಇಲ್ಲೇ ಕಟ್ಟಿಕೊಂಡು ಹೋಗುವ. ಒಬ್ಬೊಬ್ಬರಿಗೆ ಒಂದೊಂದು."

ಕೊಕ್ಕೆಯ ತಲೆಯಲ್ಲಿ ಸೂಜಿಯ ಕಣ್ಣಿನ ಹಾಗೆ ತೂತಿರುತ್ತದೆ. ಅದರೊಳಗೆ ದಾರ ಹೋಗಬೇಕು. ಅಳಿಯ ಕನ್ನಡಕವನ್ನು ಹಣೆಗೆ ಏರಿಸಿದ, ಇಳಿಸಿದ. ಮೊಮ್ಮಗಳು ಫೋನಿನ ಟಾರ್ಚ್ ಹಾಕಿದಳು.

"ಅಜ್ಜಾ, ಸೀರಿಯಸ್ಲಿ? ದಾರ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ!"

"ನನಗೂ ಇಲ್ಲ," ಎಂದ ಅಳಿಯ.

"ಯಾರಿಗೂ ಕಾಣುದಿಲ್ಲ ಮಗಾ!" ಎಂದರು ಇವರು. ಆಗ ಅವರ ಮುಖ ನೋಡಬೇಕಿತ್ತು. ಅಷ್ಟು ಖುಷಿಯನ್ನು ನಾನು ಅವರ ಪ್ರಮೋಷನ್ನಿನ ದಿನವೂ ನೋಡಿರಲಿಲ್ಲ. "ಯಾರಿಗೂ ಕಾಣುದಿಲ್ಲ" ಎಂದು ಇನ್ನೊಂದು ಸಲ ಹೇಳಿದರು.

ಆಗ ಅರ್ಥವಾಯಿತು. ನೀಲಿ ದಾರವಾಗಿದ್ದರೆ ಅಳಿಯ, ಮೊಮ್ಮಗಳು ಚಿಟಿಕೆ ಹೊಡೆಯುವುದರಲ್ಲಿ ಪೋಣಿಸುತ್ತಿದ್ದರು, ಇವರೊಬ್ಬರೇ ಗಾಳಿಯಲ್ಲಿ ಚುಚ್ಚುತ್ತಾ ಕೂರಬೇಕಿತ್ತು. ಯಾರಿಗೂ ಕಾಣದ್ದನ್ನು ಆರಿಸಿದರೆ ತನಗೆ ಕಾಣದಿರುವುದು ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಅವರು ಆರಿಸಿದ್ದು ಮೀನಿಗಾಗಿ ಅಲ್ಲ.

ಇವರು ಕೊಕ್ಕೆಯನ್ನು ಕೆಳತುಟಿಗೆ ಒತ್ತಿಕೊಂಡರು, ತುಟಿಯಿಂದಲೇ ತೂತು ಹುಡುಕಿದರು, ದಾರದ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿ ತೂರಿಸಿಬಿಟ್ಟರು. ಸುತ್ತು ಹಾಕಿ, ಎಂಜಲು ಹಚ್ಚಿ, ಗಂಟು ಬಿಗಿದರು. ಎಲ್ಲರಿಗಿಂತ ಮೊದಲು ಅವರದ್ದೇ ಮುಗಿಯಿತು. ಅಳಿಯ, ಮೊಮ್ಮಗಳು ಚಪ್ಪಾಳೆ ಹೊಡೆದರು. ನಾನು ಉಪ್ಪಿಟ್ಟಿನ ತಟ್ಟೆಗಳನ್ನು ಎತ್ತಿಕೊಂಡು ಸಿಂಕಿನ ಕಡೆ ಹೋದೆ. ಮುಖ ತಿರುಗಿಸಲು ತಟ್ಟೆಯ ನೆಪ ಇದ್ದದ್ದು ಒಳ್ಳೆಯದಾಯಿತು.

ಬೆಟ್ಟದ ಮೇಲಿನ ಕೆರೆಯನ್ನು ನಾನು ಕೆರೆ ಎಂದು ನಂಬಲೇ ಇಲ್ಲ. ಬಿಳಿ ಮೈದಾನ. ಬಿಸಿಲು ಮೇಲಿಂದಲೂ ಬರುತ್ತಿತ್ತು, ಕೆಳಗಿಂದಲೂ ಬರುತ್ತಿತ್ತು. ಇವರು ಅಂಚಿನಲ್ಲೇ ನಿಂತುಬಿಟ್ಟರು. ಪೊರೆ ಬಂದ ಕಣ್ಣಿಗೆ ಅಂಥ ಬೆಳಕು ಎಂದರೆ ಹಾಲಿನೊಳಗೆ ಮುಳುಗಿದ ಹಾಗೆ ಎಂದು ಆಮೇಲೆ ಅವರೇ ಹೇಳಿದರು. ನಾನು ಹೋಗಿ ಅವರ ತೋಳು ಹಿಡಿದೆ.

"ನನಗೆ ಜಾರ್ತದೆ. ಬಿಡಬೇಡಿ," ಎಂದೆ.

"ಹೆದರ್ಬೇಡ, ನಾನುಂಟಲ್ಲ," ಎಂದರು.

ಹೀಗೆ ಒಬ್ಬರನ್ನೊಬ್ಬರು ಕಾಪಾಡುತ್ತಾ ತೂತಿನವರೆಗೆ ಹೋದೆವು. ಅಳಿಯ ಬಡಗಿಯ ಬೈರಿಗೆಯಂಥ ದೊಡ್ಡ ಸಾಧನದಿಂದ ಐಸು ಕೊರೆದಿದ್ದ. ಮಡಿಸುವ ಕುರ್ಚಿ ಹಾಕಿ ನಮ್ಮಿಬ್ಬರನ್ನು ಕೂರಿಸಿ, ಅವನೂ ಮೊಮ್ಮಗಳೂ ದೂರದಲ್ಲಿ ಇನ್ನೊಂದು ತೂತಿಗೆ ಹೋದರು.

ತುಂಬ ಹೊತ್ತು ಏನೂ ಆಗಲಿಲ್ಲ. ಫ್ಲಾಸ್ಕಿನ ಕಾಫಿ ಮುಗಿಯಿತು. ನಾನು ಅಲ್ಲಿದ್ದವರ ಟೋಪಿಗಳನ್ನೆಲ್ಲ ಟೀಕೆ ಮಾಡಿ ಮುಗಿಸಿದೆ. ಇವರು ಕಣ್ಣು ಮುಚ್ಚಿಕೊಂಡು, ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಕುಳಿತಿದ್ದರು. ನಿದ್ದೆಯೇನೋ ಎಂದುಕೊಳ್ಳುವಷ್ಟರಲ್ಲಿ ಬೆರಳು ಒಂದಿಷ್ಟು ಮೇಲೆದ್ದಿತು.

ಎಳೆಯಲಿಲ್ಲ. ಮೀನು ಹೋದಷ್ಟು ಬಿಟ್ಟರು, ನಿಂತಾಗ ತಂದರು. ದಾರ ಕೂದಲಿನಷ್ಟು ಸಣ್ಣದಲ್ಲವೇ, ಅವಸರ ಮಾಡಿದರೆ ಹೋಯಿತು. ಕೊನೆಗೆ ತೂತಿನಲ್ಲಿ ನೀರು ಕದಡಿತು. ಕೈ ಹಾಕಿ ಎತ್ತಿ ಹಿಮದ ಮೇಲೆ ಹಾಕಿದರು. ಮೊಳದಷ್ಟು ಉದ್ದದ ಟ್ರೌಟ್ ಮೀನು, ಪಟಪಟ ಬಡಿದುಕೊಳ್ಳುತ್ತಿತ್ತು.

ಇವರು ಅದರ ಮೇಲೆ ಬಗ್ಗಿದರು. ಇನ್ನೂ ಬಗ್ಗಿದರು. ಹಿಂತಿರುಗಿ ಅಳಿಯ ಎಲ್ಲಿದ್ದಾನೆ ಎಂದು ಕಿವಿಗೊಟ್ಟರು. ಆಮೇಲೆ ಮೆಲ್ಲಗೆ ಕೇಳಿದರು:

"ಯಾವ ಬಣ್ಣ?"

ಕೂಡಲೇ ಹೇಳಬೇಕಿತ್ತು. ಆದರೆ ಬಾಯಿ ನನ್ನದಲ್ಲವೇ. "ಹೇಳುದಿಲ್ಲ," ಎಂದೆ.

"ಎಂತಕ್ಕೆ?"

"ನೀವೇ ನೋಡಿ."

ಮೀನು ಒಮ್ಮೆ ಬಡಿದುಕೊಂಡಿತು, ಸುಮ್ಮನಾಯಿತು.

"ಕಾಣುದಿಲ್ಲ ಮಾರಾಯ್ತಿ," ಎಂದರು.

ಅಷ್ಟೇ. ನಾನು ಅವರ ಒದ್ದೆ ಕೈಯನ್ನು ನನ್ನ ಶಾಲಿನೊಳಗೆ ತೆಗೆದುಕೊಂಡೆ. ಐಸಿಗಿಂತ ತಣ್ಣಗಿತ್ತು. "ಬೆನ್ನು ಹಸಿರು. ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಪಕ್ಕೆಗೆ ಉದ್ದಕ್ಕೂ ಗುಲಾಬಿ ಪಟ್ಟೆ, ಮಗಳ ಮದುವೆಯಲ್ಲಿ ನಾನು ಉಟ್ಟ ಸೀರೆಯ ಅಂಚಿನ ಹಾಗೆ," ಎಂದೆ.

"ಆ ಸೀರೆ ನೆನಪುಂಟು," ಎಂದರು. ಕೈಯನ್ನು ಶಾಲಿನೊಳಗೇ ಬಿಟ್ಟು ಕೇಳಿದರು, "ಅಣ್ಣನ ಹಾಗೆ ಆದ್ರೆ?"

ಆಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲು ನಾನೇನು ಡಾಕ್ಟರೇ? "ಆದ್ರೆ ಬಣ್ಣ ಹೇಳ್ಲಿಕ್ಕೆ ನಾನುಂಟಲ್ಲ. ಮತ್ತೆ ಒಂದು ಮಾತು. ನಾನು ಸುಳ್ಳು ಹೇಳ್ತೇನೆ. ಈಗಲೇ ಗುಲಾಬಿ ಅಂದದ್ದು ನಿಜವೋ ಸುಳ್ಳೋ ನಿಮಗೆಂತ ಗೊತ್ತು?"

ಇವರು ನನ್ನ ಕಡೆ ತಿರುಗಿದರು. "ಸುಳ್ಳಾ?"

"ಕರ್ನಿ ಮೆಸಾಕ್ಕೆ ಒಂದು ನೀಲಿ, ಒಂದು ಕಂದು ಕಾಲುಚೀಲ ಹಾಕಿಕೊಂಡು ಹೋದವರು ನೀವು."

ಮೊದಲು ಅವರಿಗೆ ಸಿಟ್ಟು ಬಂತು. ಆಮೇಲೆ ಭುಜ ಕುಣಿಯತೊಡಗಿತು. ನಕ್ಕು ನಕ್ಕು ಕುರ್ಚಿ ಜಾರಿತು, ದೂರದಿಂದ ಅಳಿಯ "ಮಾವ, ಏನಾಯ್ತು?" ಎಂದು ಓಡಿಬಂದ. "ಏನಿಲ್ಲ. ನಿನ್ನ ಅತ್ತೆಯನ್ನು ನಂಬಿ ಬದುಕ್ಲಿಕ್ಕೆ ಆಗುದಿಲ್ಲ. ಮಗಳಿಗೆ ಹೇಳು, ಕಣ್ಣಿನ ಡಾಕ್ಟರಿಗೆ ಫೋನ್ ಮಾಡ್ಲಿ," ಎಂದರು.

ಆ ಮೀನನ್ನು, ರಾತ್ರಿ ಉಳಿಯಲು ಬೆಟ್ಟದಲ್ಲಿ ಹಿಡಿದಿದ್ದ ಬಾಡಿಗೆ ಮನೆಯಲ್ಲಿ ರವೆ ಹಚ್ಚಿ ಹುರಿದೆ. ಮೊಮ್ಮಗಳು ಬೆರಳು ಚೀಪಿದಳು. ಅಳಿಯ ಮೀನಿಗೆ ಸಾರಿ ಹೇಳಿ, ಮೊಸರನ್ನದ ಡಬ್ಬಿ ಹಿಡಿದು ಕಾರಿನಲ್ಲಿ ಹೀಟರ್ ಹಾಕಿ ಕುಳಿತ.

ಆಪರೇಷನ್ನಿನ ಹಿಂದಿನ ದಿನ ಇವರು ಊಟ ಮಾಡಲಿಲ್ಲ. ಆಪರೇಷನ್ನಿಗೆ ಒಳಗೆ ಕರೆದಾಗ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ನರ್ಸು ಬಂದು ಬಿಡಿಸಬೇಕಾಯಿತು. ಕಣ್ಣಿಗೆ ಏನೂ ಆಗಲಿಲ್ಲ. ಆಗಲಿಲ್ಲ ಎಂದರೆ, ಒಳ್ಳೆಯದಾಯಿತು. ಪಟ್ಟಿ ತೆಗೆದ ಮೇಲೆ ಪರದೆ, ಗೋಡೆ, ಮಗಳ ಬಿಳಿಕೂದಲು ಎಲ್ಲವನ್ನೂ ಹೊಸದಾಗಿ ಕೊಂಡವರ ಹಾಗೆ ಪರೀಕ್ಷೆ ಮಾಡುತ್ತಾ ಮನೆಯಲ್ಲೆಲ್ಲ ಓಡಾಡಿದರು.

ಕೆಲವು ದಿನ ಕಳೆದ ಮೇಲೆ ಕಿಟಕಿಯ ಹತ್ತಿರ ಕುಳಿತು ಆ ಉರುಳೆಯಿಂದ ದಾರ ಎಳೆದರು. ಬಿಸಿಲಿಗೆ ಹಿಡಿದರು.

"ಮೋಸ!" ಎಂದು ಕೂಗಿದರು. "ಇದು ಕಾಣ್ತದಲ್ಲ! ಚಂದ ಕಾಣ್ತದೆ! ಬಿಲ್ಲು ಎಲ್ಲಿ? ರಿಟರ್ನ್ ಮಾಡುವ. ಬಾ ಇಲ್ಲಿ, ನೋಡು."

ನಾನು ಹೋದೆ. ಎರಡು ಕೈಯ ನಡುವೆ ದಾರ ಬಿಗಿದು ನನ್ನ ಮುಖದ ಮುಂದೆ ಹಿಡಿದರು. ಎರಡು ಕೈ ಕಂಡವು. ಕಿಟಕಿ ಕಂಡಿತು. ಆಚೆಗಿನ ಲಿಂಬೆಗಿಡ ಕಂಡಿತು.

"ಹೌದು ಹೌದು, ಕಾಣ್ತದೆ," ಎಂದೆ.

"ಹಿಡಿ ನೋಡುವ."

ನಾನು ಕೈ ಚಾಚಿದೆ. ದಾರ ಸಿಗಲಿಲ್ಲ. ಅವರು ದಾರವನ್ನು ನಿಧಾನವಾಗಿ ಉರುಳೆಗೆ ಸುತ್ತಿದರು. ಬಿಲ್ಲಿನ ಮಾತನ್ನೂ ಮರೆತರು.

ಮರುದಿನ ವಾಕಿಂಗಿಗೆ ಹೊರಟಾಗ ನನ್ನ ಶೂ ಪಕ್ಕದಲ್ಲಿ ಒಂದು ಜೊತೆ ಕಾಲುಚೀಲ ಮಡಚಿ ಇಟ್ಟಿತ್ತು. ಮದುವೆಯಾದಂದಿನಿಂದ ನನ್ನ ಬಟ್ಟೆ ಮಡಚಿದವರಲ್ಲ ಇವರು. ಸೋಫಾದಲ್ಲಿ ಕುಳಿತು, ಫೋನ್ ನೋಡುವವರ ಹಾಗೆ ಮಾಡುತ್ತಾ ನನ್ನನ್ನೇ ನೋಡುತ್ತಿದ್ದರು. ನಾನು ಕಾಲುಚೀಲವನ್ನು ತೆಗೆದುಕೊಂಡು ಬಾಗಿಲಿಗೆ ಹೋದೆ. ಒಂದೊಂದನ್ನು ಒಂದೊಂದು ಕೈಯಲ್ಲಿ ಬಿಸಿಲಿಗೆ ಹಿಡಿದು, ಎರಡೂ ಒಂದೇ ಬಣ್ಣವೇ ಎಂದು ಬಹಳ ಹೊತ್ತು ನೋಡುತ್ತಾ ನಿಂತೆ.